‘ಅಗತ್ಯದ ಅಂಗೀಕಾರ’ವನ್ನು ಖರೀದಿ ಎನ್ನಬೇಡಿ

ದೆಹಲಿಯಲ್ಲಿ ರಕ್ಷಣಾ ಖರೀದಿ ಮಂಡಳಿಯ ಸಭೆ ಮುಗಿದರೆ ಸಾಕು, ಸಾವಿರಾರು ಕೋಟಿಯ ಶಸ್ತ್ರಾಸ್ತ್ರ ‘ಖರೀದಿಸಿದ ಭಾರತ’ ಎಂಬ ತಲೆಬರಹ ಬಂದುಬಿಡುತ್ತದೆ. ಯುದ್ಧವಿಮಾನ ತಯಾರಾಗುವ ಬೆಂಗಳೂರಿನ ಓದುಗರಿಗೂ ವರ್ಷಗಳಿಂದ ಇದನ್ನೇ ಉಣಬಡಿಸಲಾಗುತ್ತಿದೆ.

ಮಂಡಳಿ ಕೊಡುವುದು ಅಗತ್ಯದ ಅಂಗೀಕಾರ. ಕಡತದ ಭಾಷೆಯಲ್ಲಿ ಎಒಎನ್. ಈ ಸಾಮಗ್ರಿ ಪಡೆಗೆ ಬೇಕು, ಇಷ್ಟು ಬೇಕು, ಈ ಮಾರ್ಗದಲ್ಲಿ ಪಡೆಯಬಹುದು ಎಂಬ ಒಪ್ಪಿಗೆ ಅದು. ಮಾರುವವರು ಯಾರೆಂಬುದು ಎಷ್ಟೋ ಸಲ ಆಗಿನ್ನೂ ಗೊತ್ತಿರುವುದಿಲ್ಲ. ಪ್ರಕಟಣೆಯಲ್ಲಿರುವ ಮೊತ್ತ ಬರೀ ಅಂದಾಜು. ನಿಗದಿತ ಅವಧಿಯೊಳಗೆ ಟೆಂಡರ್ ಹೊರಡದಿದ್ದರೆ ಅಂಗೀಕಾರವೇ ಬಿದ್ದುಹೋಗುತ್ತದೆ.

ತೇಜಸ್ ಮಾರ್ಕ್-1ಎ ಯುದ್ಧವಿಮಾನದ ಕಡತವನ್ನೇ ನೋಡಿ. ಹೆಚ್ಚುವರಿ 97 ವಿಮಾನಗಳಿಗೆ ಅಂಗೀಕಾರ ಸಿಕ್ಕಿದ್ದು 2023ರ ನವೆಂಬರ್ 30ರಂದು. ಅಂದೇ ‘ಖರೀದಿ’ ಎಂದು ಸಾರಿದವರು ಬಹಳ. ಅದನ್ನು ತಯಾರಿಸುವ ಎಚ್‌ಎಎಲ್‌ಗೆ ಟೆಂಡರ್ ತಲುಪಿದ್ದು 2024ರ ಏಪ್ರಿಲ್‌ನಲ್ಲಿ. ಬಳಿಕ ದರದ ಚೌಕಾಸಿ, ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯ ಒಪ್ಪಿಗೆ ಎಲ್ಲ ಮುಗಿದು ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಸೆಪ್ಟೆಂಬರ್ 25ರಂದು. ತೆರಿಗೆ ಬಿಟ್ಟು ಮೊತ್ತ 62,370 ಕೋಟಿ ರೂಪಾಯಿಗೂ ಹೆಚ್ಚು. ಖರೀದಿ ಎಂಬ ಮಾತು ಸಲ್ಲುವುದು ಈ ತಾರೀಖಿಗೆ ಮಾತ್ರ. ಎದುರಾಳಿ ಕಂಪನಿಯೇ ಇಲ್ಲದ ಕಡತಕ್ಕೆ ಇಷ್ಟು ಕಾಲ ಹಿಡಿಯಿತು. ಹಲವರು ಪೈಪೋಟಿಗೆ ಬಿದ್ದರೆ ತಾಂತ್ರಿಕ ಮೌಲ್ಯಮಾಪನ, ಪ್ರಾಯೋಗಿಕ ಪರೀಕ್ಷೆಗಳೂ ಸೇರಿಕೊಳ್ಳುತ್ತವೆ.

ಅಂಗೀಕಾರದ ಮೊತ್ತವನ್ನು ಆ ವರ್ಷದ ಬಜೆಟ್ಟಿನ ಖರ್ಚಿಗೆ ಕೂಡಿಸುವವರೂ ಇದ್ದಾರೆ. ಇದು ಲೆಕ್ಕವೇ ಅಲ್ಲ. 2025-26ರಲ್ಲಿ ರಕ್ಷಣಾ ಸಚಿವಾಲಯಕ್ಕೆ ಸಿಕ್ಕ ಸುಮಾರು 6.81 ಲಕ್ಷ ಕೋಟಿಯಲ್ಲಿ ಪಡೆಗಳ ಬಂಡವಾಳ ವೆಚ್ಚಕ್ಕೆಂದು ಇಟ್ಟದ್ದು 1.8 ಲಕ್ಷ ಕೋಟಿ. ವಿಮಾನ, ಹಡಗು, ಭಾರೀ ವಾಹನಗಳಿಗೆ ಹಣ ಬರಬೇಕಾದ್ದು ಇಲ್ಲಿಂದ. ಅದರಲ್ಲೂ ದೊಡ್ಡ ಪಾಲು ಹಿಂದಿನ ವರ್ಷಗಳ ಒಪ್ಪಂದಗಳ ಕಂತಿಗೆ ಹೋಗುತ್ತದೆ. ಸಂಬಳ, ಇಂಧನ, ಪಡಿತರಕ್ಕೆ ರಾಜಸ್ವದ ಲೆಕ್ಕ ಬೇರೆ, ಪಿಂಚಣಿಯದು ಇನ್ನೂ ಬೇರೆ.

ಸಹಿಯಾದ ಮಾತ್ರಕ್ಕೆ ‘ವಾಯುಪಡೆಗೆ ಸೇರ್ಪಡೆ’ ಎಂದು ಬರೆಯುವುದೂ ಇದೇ ಜಾತಿಯ ಅವಸರ. 83 ತೇಜಸ್‌ಗಳ ಹಿಂದಿನ ಒಪ್ಪಂದಕ್ಕೆ ಯಲಹಂಕದ ಏರೋ ಇಂಡಿಯಾದಲ್ಲಿ ಸಹಿ ಬಿದ್ದದ್ದು 2021ರ ಫೆಬ್ರುವರಿ 3ರಂದು. 2024ರ ಆರಂಭದಲ್ಲೇ ವಿಮಾನಗಳ ಹಸ್ತಾಂತರ ಶುರುವಾಗಬೇಕಿತ್ತು. ಅವುಗಳಿಗೆಂದು ಅಮೆರಿಕದ ಜಿಇ ಕಂಪನಿ ಮೊದಲ ಎಂಜಿನ್ ಕೊಟ್ಟದ್ದೇ 2025ರ ಮಾರ್ಚ್‌ನಲ್ಲಿ.