ನ್ಯಾನೊಟ್ಯೂಬ್ ಬೆರೆಸಿದ ಮೇಲೆ ಬೆಳಕು ಏಕೆ ಕುಗ್ಗಿತು?

ಪ್ರಶ್ನೆ: ಜಿಂಕ್ ಆಕ್ಸೈಡ್ ಪುಡಿಗೆ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಬೆರೆಸಿದೆವು. ನೇರಳಾತೀತ ದೀಪದ ಕೆಳಗೆ ಹಸಿರು ಹೊಳಪು ಹೆಚ್ಚುವ ಬದಲು ಕುಗ್ಗಿತು. ನ್ಯಾನೊಟ್ಯೂಬ್ ಒಳ್ಳೆಯ ವಾಹಕವಲ್ಲವೇ? ನಮ್ಮ ಮಾದರಿ ಕೆಟ್ಟಿದೆಯೇ?
– ಹಾಸನದ ಎಂ.ಎಸ್ಸಿ. ವಿದ್ಯಾರ್ಥಿಗಳು

ಕೆಟ್ಟಿಲ್ಲ. ಪ್ರಾಜೆಕ್ಟ್ ಕಾಲ ಬಂತೆಂದರೆ ಹಾಸನದಿಂದಲೂ ಚಿಕ್ಕಮಗಳೂರಿನಿಂದಲೂ ಇದೇ ಪ್ರಶ್ನೆ ಬರುತ್ತದೆ. ನಾನು ಇದೇ ಉತ್ತರ ಕೊಡುತ್ತೇನೆ, ಮುಂದಿನ ವರ್ಷದ ತಂಡ ಮತ್ತೆ ಇದನ್ನೇ ಕೇಳುತ್ತದೆ. ಈ ಸಲ ಬುಡದಿಂದಲೇ ಬರೆದುಬಿಡುತ್ತೇನೆ.

ಜಿಂಕ್ ಆಕ್ಸೈಡ್ ಅರೆವಾಹಕ. ಅದರಲ್ಲಿ ಎಲೆಕ್ಟ್ರಾನ್ ತುಂಬಿದ ಕೆಳಗಿನ ಪಟ್ಟಿಗೂ ಖಾಲಿ ಇರುವ ಮೇಲಿನ ಪಟ್ಟಿಗೂ ನಡುವಿನ ಶಕ್ತಿ ಅಂತರ ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್. ನಿಮ್ಮ 365 ನ್ಯಾನೊಮೀಟರ್ ದೀಪದ ಒಂದು ಫೋಟಾನ್‌ನಲ್ಲಿ ಇರುವುದು 3.4 ಎಲೆಕ್ಟ್ರಾನ್ ವೋಲ್ಟ್. ಅಂತರ ದಾಟಿಸಲು ಅಷ್ಟು ಸಾಕು. ಎಲೆಕ್ಟ್ರಾನ್ ಮೇಲೇರುತ್ತದೆ, ಕೆಳಗೆ ಅದರ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಎರಡೂ ಮತ್ತೆ ಕೂಡಿದಾಗ ಬೆಳಕು ಹೊರಡುತ್ತದೆ. ಈ ಜೋಡಿಯನ್ನು ಹಿಡಿದಿಡುವ ಬಂಧ 60 ಮಿಲಿ ಎಲೆಕ್ಟ್ರಾನ್ ವೋಲ್ಟ್, ಕೋಣೆಯ ಶಾಖದ ಶಕ್ತಿ 26ರ ಆಸುಪಾಸು. ಆದ್ದರಿಂದಲೇ ಸಾಮಾನ್ಯ ಉಷ್ಣತೆಯಲ್ಲೂ ಜೋಡಿ ಸುಲಭವಾಗಿ ಒಡೆಯುವುದಿಲ್ಲ.

ಈಗ ಆ ಹಟಮಾರಿ ತಪ್ಪು ನಂಬಿಕೆಗೆ ಬರೋಣ: “ಚೆನ್ನಾಗಿ ವಿದ್ಯುತ್ ಹರಿಸುವ ವಸ್ತು ಸೇರಿದರೆ ಬೆಳಕು ಹೆಚ್ಚುತ್ತದೆ.” ಪ್ರಾಜೆಕ್ಟ್ ವರದಿಗಳ ಪೀಠಿಕೆಯಲ್ಲಿ ಇದನ್ನು ಓದಿ ಓದಿ ಸಾಕಾಗಿದೆ. ವಾಹಕತೆಯೇ ಬೆಳಕಿಗೆ ಮೂಲವಾಗಿದ್ದರೆ ತಾಮ್ರದ ಪುಡಿ ನೇರಳಾತೀತ ದೀಪದ ಕೆಳಗೆ ಎಲ್ಲಕ್ಕಿಂತ ಚೆನ್ನಾಗಿ ಬೆಳಗಬೇಕಿತ್ತು. ಅದು ಬೆಳಗುವುದಿಲ್ಲ, ಏಕೆಂದರೆ ಲೋಹದಲ್ಲಿ ಶಕ್ತಿ ಅಂತರವೇ ಇಲ್ಲ. ಅಲ್ಲಿ ಎಲೆಕ್ಟ್ರಾನ್ ಚಿಕ್ಕ ಚಿಕ್ಕ ಮೆಟ್ಟಿಲುಗಳಲ್ಲಿ ಇಳಿದು ತನ್ನ ಶಕ್ತಿಯನ್ನೆಲ್ಲ ಶಾಖವಾಗಿ ಬಿಟ್ಟುಕೊಡುತ್ತದೆ. ಬೆಳಕು ಬೇಕೆಂದರೆ ಎಲೆಕ್ಟ್ರಾನ್ ಒಂದೇ ನೆಗೆತದಲ್ಲಿ ರಂಧ್ರಕ್ಕೆ ಬೀಳಬೇಕು.

ಹಳೇಬೀಡಿನ ಕೆರೆ ಕೋಡಿ ಬಿದ್ದರೆ ನೋಡಲು ಜನ ಸೇರುತ್ತಾರೆ. ಅದೇ ಹೊತ್ತಿಗೆ ತೂಬು ಎತ್ತಿದರೆ ಏನಾಗುತ್ತದೆ? ನೀರು ಕೆಳಗಿನಿಂದ ಗದ್ದೆಗೆ ಹೋಗುತ್ತದೆ, ಕೋಡಿಯ ಬೀಳು ಸೊರಗುತ್ತದೆ. ನ್ಯಾನೊಟ್ಯೂಬ್ ಎಂದರೆ ನೀವು ಎತ್ತಿದ ತೂಬು. ಜಿಂಕ್ ಆಕ್ಸೈಡ್‌ನ ಮೇಲಿನ ಪಟ್ಟಿಗಿಂತ ಕೆಳಗೆ ನ್ಯಾನೊಟ್ಯೂಬಿನಲ್ಲಿ ಖಾಲಿ ಜಾಗಗಳಿವೆ. ಎಲೆಕ್ಟ್ರಾನ್ ರಂಧ್ರವನ್ನು ಕೂಡುವ ಮೊದಲೇ ಅತ್ತ ಹರಿದುಹೋಗುತ್ತದೆ. ನ್ಯಾನೊಟ್ಯೂಬ್ ಎಷ್ಟು ಒಳ್ಳೆಯ ವಾಹಕವೋ ಅಷ್ಟು ಬೆಳಕು ಕುಗ್ಗುತ್ತದೆ. ನಿಮ್ಮ ಫಲಿತಾಂಶ ಹೇಳುತ್ತಿರುವುದು ಇದನ್ನೇ. ಎರಡೂ ವಸ್ತುಗಳು ನಿಜವಾಗಿ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದಕ್ಕೆ ಅದು ಸಾಕ್ಷಿಯೂ ಆಗಬಹುದು. ಅಂಟಿಕೊಂಡಿವೆಯೇ ಎಂದು ನೋಡಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣದಲ್ಲಿ ಮಾದರಿ ಹಾಕಿ ಬಿಸಿಲಿಗಿಡಿ, ಪಕ್ಕದಲ್ಲಿ ಬರೀ ಜಿಂಕ್ ಆಕ್ಸೈಡ್ ಹಾಕಿದ್ದನ್ನೂ ಇಡಿ. ಎಲೆಕ್ಟ್ರಾನ್ ಬೇರೆಡೆ ಹೋಗಿ ರಂಧ್ರಗಳು ಬಿಡುವಾಗಿ ಉಳಿದಿದ್ದರೆ ಅವು ಬಣ್ಣವನ್ನು ಒಡೆಯುತ್ತವೆ, ನಿಮ್ಮ ಮಾದರಿಯ ಲೋಟದಲ್ಲಿ ನೀಲಿ ಬೇಗ ಮಾಸಬೇಕು.

“ಆಗಬಹುದು” ಎಂದದ್ದಕ್ಕೆ ಕಾರಣವಿದೆ. ನ್ಯಾನೊಟ್ಯೂಬ್ ಕಪ್ಪು. ಅದು ದೀಪದ ಬೆಳಕನ್ನೂ ನುಂಗುತ್ತದೆ, ಪುಡಿಯಿಂದ ಹೊರಟ ಬೆಳಕನ್ನೂ ನುಂಗುತ್ತದೆ. ಹೊಳಪು ಕುಗ್ಗಿದ್ದು ಬರೀ ಈ ಮಸಿಯಿಂದಲೋ ಎಂದು ತಿಳಿಯಲು ಬೆಳಕು ಆರುವ ವೇಗವನ್ನು ಅಳೆಯಬೇಕು. ಎಲೆಕ್ಟ್ರಾನ್‌ಗೆ ಹೊಸ ದಾರಿ ಸಿಕ್ಕಿದ್ದರೆ ಬೆಳಕು ಮೊದಲಿಗಿಂತ ಬೇಗ ಆರುತ್ತದೆ. ಮಸಿ ಅಡ್ಡ ಬಂದದ್ದಷ್ಟೇ ಆದರೆ ಆರುವ ವೇಗ ಬದಲಾಗುವುದಿಲ್ಲ. ಆ ಉಪಕರಣ ಕಾಲೇಜಿನಲ್ಲಿ ಇಲ್ಲದಿದ್ದರೆ ಅಷ್ಟೇ ತೂಕದ ನ್ಯಾನೊಟ್ಯೂಬನ್ನು ಸಿದ್ಧ ಜಿಂಕ್ ಆಕ್ಸೈಡ್ ಪುಡಿಯ ಜೊತೆ ಸುಮ್ಮನೆ ಅರೆದು ಇನ್ನೊಂದು ಮಾದರಿ ಮಾಡಿ ಹೋಲಿಸಿ; ಅದರಲ್ಲೂ ಹೊಳಪು ಅಷ್ಟೇ ಕುಗ್ಗಿದರೆ ಕಾರಣ ಮಸಿ ಇರಬಹುದು. ಇದನ್ನು ಮಾಡದೆ ವರದಿ ಬರೆಯಬೇಡಿ.

ಇನ್ನೊಂದು ಮಾತು. ಕತ್ತಲೆ ಕೋಣೆಯಲ್ಲಿ ನಿಮ್ಮ ಕಣ್ಣಿಗೆ ಕಂಡ ಹಸಿರು ಹೊಳಪು ನಾನು ಮೇಲೆ ಹೇಳಿದ ನೇರ ಕೂಡಿಕೆಯದಲ್ಲ. ನೇರ ಕೂಡಿಕೆಯ ಬೆಳಕು ಬರುವುದು 380 ನ್ಯಾನೊಮೀಟರ್ ಹತ್ತಿರ, ಕಣ್ಣಿಗೆ ಕಾಣುವುದೇ ಇಲ್ಲ. ಹಸಿರು ಬರುವುದು ಹರಳಿನ ದೋಷಗಳಿಂದ. ಆಮ್ಲಜನಕದ ಪರಮಾಣು ಇರಬೇಕಾದ ಕಡೆ ಇಲ್ಲದಿರುವುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ನ್ಯಾನೊಟ್ಯೂಬ್ ಮೇಲೆ ಬೆಳೆಸಿದಾಗ ದೋಷ ಕಡಿಮೆಯಾಗಿ ಹಸಿರು ಇಳಿದು ನೇರಳಾತೀತ ಹೆಚ್ಚಿದ ವರದಿಗಳೂ ಇವೆ. ಆದ್ದರಿಂದ ಕಣ್ಣಂದಾಜು ಬೇಡ, ಮೊಬೈಲ್ ಫೋಟೊವೂ ಬೇಡ. ಪೂರ್ತಿ ರೋಹಿತವನ್ನು, ಎಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಎಂಬ ನಕ್ಷೆಯನ್ನು, ತೆಗೆಯಿರಿ.

ನ್ಯಾನೊಟ್ಯೂಬ್ ತಾನೇ ಬೆಳಗುವುದಿಲ್ಲವೇ ಎಂದರೆ, ಬೆಳಗುತ್ತದೆ. ಒಂಟಿ ಗೋಡೆಯ, ಅರೆವಾಹಕ ಜಾತಿಯ ನ್ಯಾನೊಟ್ಯೂಬುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದಾಗ ಅವು ಅವಕೆಂಪಿನಲ್ಲಿ ಬೆಳಗುವುದನ್ನು ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2002ರಲ್ಲಿ ತೋರಿಸಿದರು. ಕಟ್ಟುಕಟ್ಟಾಗಿ ಅಂಟಿಕೊಂಡರೆ ನಡುವಿನ ಲೋಹಜಾತಿಯವು ಅದನ್ನೂ ಆರಿಸುತ್ತವೆ. ಕಾಲೇಜುಗಳು ಕೊಳ್ಳುವ ಅಗ್ಗದ ಬಹುಗೋಡೆಯ ನ್ಯಾನೊಟ್ಯೂಬಿನಿಂದ ಅದನ್ನು ನಿರೀಕ್ಷಿಸಬೇಡಿ.

ದೋಷದ ಮಾತು ಬಂದದ್ದರಿಂದ, ನೀವು ಕೇಳದಿದ್ದರೂ ಹೇಳಲೇಬೇಕಾದ್ದು ಒಂದಿದೆ. ಪಿಯುಸಿ ಲವಣ ಪರೀಕ್ಷೆಯಲ್ಲಿ ಸತುವಿನ ಲವಣ ಕಾಯಿಸಿ “ಬಿಸಿಯಲ್ಲಿ ಹಳದಿ, ತಣಿದಾಗ ಬಿಳಿ” ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದಿದ್ದೀರಿ. ಏಕೆ ಎಂದು ಕೇಳಿದ್ದಿರಾ? ಪ್ರನಾಳದ ತಳದಲ್ಲಿ ಉಳಿಯುವುದು ಇದೇ ಜಿಂಕ್ ಆಕ್ಸೈಡ್. ಬಿಸಿಯಾದಾಗ ಅದರ ಶಕ್ತಿ ಅಂತರ ಕಿರಿದಾಗುತ್ತದೆ, ಒಂದಿಷ್ಟು ಆಮ್ಲಜನಕವೂ ಹೊರಹೋಗುತ್ತದೆ. ಆಗ ಅದು ನೇರಳೆ ಬೆಳಕನ್ನೂ ಹೀರತೊಡಗುತ್ತದೆ, ಉಳಿದ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ಗಾಳಿಯಲ್ಲಿ ತಣಿದಾಗ ಎಲ್ಲವೂ ಹಿಂದಿನಂತಾಗುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ಕಾಯಿಸಿದರೆ ಮಾತ್ರ ಕೊರತೆ ಹಾಗೇ ಉಳಿದು ಹಸಿರು ಹೊಳಪು ಬಲಗೊಳ್ಳುತ್ತದೆ. ಹಾಗೆ ಬೇಕೆಂದೇ ಕಾಯಿಸಿ ಮಾಡಿದ ಜಿಂಕ್ ಆಕ್ಸೈಡ್ ಪುಡಿಯೇ ಹಳೆಯ ಕ್ಯಾಸೆಟ್ ಡೆಕ್, ಡಿವಿಡಿ ಪ್ಲೇಯರ್‌ಗಳ ಮುಂಭಾಗದಲ್ಲಿ ನೀಲಿ ಬೆರೆತ ಹಸಿರಿನಲ್ಲಿ ಗಂಟೆ ತೋರಿಸುತ್ತಿತ್ತು.