ಪೈಪೇ ಇಲ್ಲದ ಸೋಲಾರ್

ಬೆಂಗಳೂರಿನಲ್ಲಿ 30×40 ಸೈಟಿನ ಒಂದು ಮನೆ. ಮೇಲಿನ ಮಹಡಿ ಕಾದು ಕೆಂಡ ಆಗುತ್ತದೆ, ಬಂದು ನೋಡಿ ಅಂದಿದ್ದರು. ತಾರಸಿ ಹತ್ತಿದೆ. ಸೋಲಾರ್ ಟ್ಯಾಂಕ್ ಇದೆ, ಪ್ಯಾನಲ್ ಇದೆ, ಕೆಳಗಿಳಿಯುವ ಬಿಸಿನೀರಿನ ಪೈಪೇ ಇಲ್ಲ! ಬಚ್ಚಲಲ್ಲಿ ಗೀಸರ್ ಓಡುತ್ತಿತ್ತು. "ಮೀಟರ್ ಬೇಕಿತ್ತಲ್ಲ ಸಾರ್, ಅದಕ್ಕೆ ಹಾಕಿಸಿದ್ವಿ" ಅಂದರು ಮನೆಯವರು.

ಹಾಗಂತ ಸೋಲಾರ್ ಕಡ್ಡಾಯ ಅನ್ನುವ ನಿಯಮವೇ ವ್ಯರ್ಥ ಅನ್ನಲಾರೆ. 2007ರಲ್ಲಿ ಕರ್ನಾಟಕ ಸರ್ಕಾರ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಇಂತಿಷ್ಟು ಅಳತೆ ಮೀರಿದ ಹೊಸ ಮನೆಗೆ ಸೋಲಾರ್ ಇಲ್ಲದಿದ್ದರೆ ಕರೆಂಟೂ ಇಲ್ಲ ಅಂತಾಯಿತು. ಬೆಂಗಳೂರಿನ ಯಾವ ಬಡಾವಣೆಯ ತಾರಸಿಯಿಂದ ಬೇಕಾದರೂ ಸುತ್ತ ನೋಡಿ, ಅದರ ಫಲ ಕಾಣುತ್ತದೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಕರೆಂಟ್ ಯಾರಿಗೆ ಬೇಡ? ಮೀಟರನ್ನೇ ಹಿಡಿದಿಟ್ಟುಕೊಂಡಿದ್ದರಿಂದ ಜನ ಹಾಕಿಸಿದರು.

ಫ್ಯಾನಿಗಂತೂ ಯಾರೂ ಮನೆಗೆ ಬಂದು ನೋಡಬೇಕಿಲ್ಲ. ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಈಗ ಕಡ್ಡಾಯ, ತಪಾಸಣೆ ಮನೆಗೆ ಬರುವ ಮುಂಚೆಯೇ ಮುಗಿಯುತ್ತದೆ. ಹಳೇ ಫ್ಯಾನ್ ಸುಮಾರು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಅದೂ ಒಂದೇ ಫ್ಯಾನಿಗೆ.

ಗೋಡೆ, ಸೂರಿನ ವಿಷಯಕ್ಕೆ ಬಂದಾಗಲೇ ಕಷ್ಟ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಇಕೋ ನಿವಾಸ್ ಸಂಹಿತಾ', ಅಂದರೆ ಮನೆಗಳಲ್ಲಿ ಇಂಧನ ಉಳಿಸುವ ನಿಯಮಗಳ ಸಂಹಿತೆ, ತಂದಿತು. ಗೋಡೆ, ಕಿಟಕಿಯಿಂದ ಒಳಗೆ ಬರುವ ಶಾಖಕ್ಕೆ ಮಿತಿ ಇಟ್ಟಿತು. ಸೂರಿನ ಯು-ವ್ಯಾಲ್ಯೂ, ಅಂದರೆ ಶಾಖ ದಾಟುವ ಲೆಕ್ಕ, 1.2 ಮೀರಬಾರದು ಅಂದಿತು. ನಮ್ಮ ಬರೀ ಆರ್‌ಸಿಸಿ ಮೋಲ್ಡಿನದು 3ರ ಮೇಲಿರುತ್ತದೆ.

ಅದರಲ್ಲಿ ನನಗೆ ಇಷ್ಟವಾದದ್ದು ಕಿಟಕಿಯ ನಿಯಮ. ಬೆಂಗಳೂರಿನಂಥ ಹವೆಗೆ, ತೆರೆಯುವ ಕಿಟಕಿಯ ಅಳತೆ ನೆಲದ ಅಳತೆಯ ಶೇ 12.5ರಷ್ಟಾದರೂ ಇರಬೇಕು. ಲೆಕ್ಕ ಇಡೀ ಮನೆಗೆ. ಸುಮ್ನೆ 10×12 ಅಡಿಯ ಒಂದು ಕೋಣೆ ತಗೊಳ್ಳಿ, 15 ಚದರ ಅಡಿ ಬೇಕು. 5×4ರ ಕಿಟಕಿ ಇಟ್ಟರೆ 20 ಆಯ್ತಲ್ಲ ಅನ್ನಿಸುತ್ತದೆ. ಆದರೆ ಎರಡು ಬಾಗಿಲ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ, ಲೆಕ್ಕಕ್ಕೆ ಸಿಗುವುದು 10. ಇದನ್ನು ಹೇಳಿದಾಗೆಲ್ಲ ಮೇಸ್ತ್ರಿಗಳು ನಗುತ್ತಾರೆ, ಆಮೇಲೆ ಟೇಪ್ ಹಿಡಿಯುತ್ತಾರೆ.

ಇಷ್ಟು ಒಳ್ಳೆಯ ಸಂಹಿತೆ 2018ರಲ್ಲಿ ಬಂದಾಗ ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಕ್ಕೆ. 30×40 ಅಂದರೆ ಬರೀ 111! 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಇಂಧನ ಸಂರಕ್ಷಣಾ ಕಾಯ್ದೆಯೊಳಗೆ ತಂದಿತು, ನಿಜ. ಅದು ಕೂಡ 100 ಕಿಲೋವ್ಯಾಟ್ ಲೋಡಿನ ಲೆಕ್ಕ, ಅಂದರೆ ಅಪಾರ್ಟ್‌ಮೆಂಟ್‌ಗಳಿಗೆ. ಅಲ್ಲೂ ಕಟ್ಟುವ ಖರ್ಚು ಬಿಲ್ಡರ್‌ದು, ಕರೆಂಟ್ ಬಿಲ್ಲು ಕೊಂಡವರದು. ಪ್ಲಾನ್ ಪಾಸಾದ ಮೇಲೆ ಗೋಡೆಯೊಳಗೆ ಏನಿದೆ ಅಂತ ಯಾರು ಒಡೆದು ನೋಡುತ್ತಾರೆ?

ನನ್ನನ್ನು ಕೇಳಿದರೆ ಸಣ್ಣ ಮನೆಗೆ ಇಷ್ಟೊಂದು ಸಂಖ್ಯೆ ಬೇಡ. ತಾರಸಿಗೆ ಬಿಳಿ ಹೊದಿಕೆ, ಪಶ್ಚಿಮದ ಕಿಟಕಿಗೆ ಆಳವಾದ ಸಜ್ಜಾ. ಎರಡೂ ರಸ್ತೆಯಲ್ಲಿ ನಿಂತೋ ಮೆಟ್ಟಿಲು ಹತ್ತಿಯೋ ಕಣ್ಣಲ್ಲೇ ನೋಡಬಹುದು. ಮೀಟರ್ ಕೊಡುವ ಮುಂಚೆ ಅಷ್ಟು ನೋಡಲಿ. ಹಾಗೇ ಬಿಸಿನೀರಿನ ನಲ್ಲಿಯನ್ನೂ ಒಮ್ಮೆ ತಿರುಗಿಸಲಿ.

ಆ ಮನೆಯವರು ತಾರಸಿಗೆ ಬಿಳಿ ಟೈಲ್ಸ್ ಹಾಕಿಸಿದರು. ಪೈಪ್ ಎಳೆಯಲು ಪ್ಲಂಬರ್‌ಗೆ ಒಂದು ದಿನ ಸಾಕಾಯಿತು. ಗೀಸರ್ ಇನ್ನೂ ಇದೆ, ಮೋಡದ ದಿನಗಳಿಗೆ ಅಂತೆ.