ಗುಳಿಗೆ ಕೇಳಲು ಬಂದವರ ಬಿಪಿ: ಕುಟುಂಬ ಯೋಜನೆ ಕ್ಲಿನಿಕ್‌ನಲ್ಲಿ ಇನ್ನೇನೆಲ್ಲ ಆಗಬಹುದು?

ಅಮೆರಿಕದ ಮಹಿಳಾ ಆರೋಗ್ಯದ ಪಾಠದಲ್ಲಿ ‘ಟೈಟಲ್ ಟೆನ್’ ಅನ್ನುವ ಹೆಸರು ಪದೇ ಪದೇ ಬರುತ್ತದೆ. 1970ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಯೋಜನೆ ಇದು. ಕುಟುಂಬ ಯೋಜನೆ ಕ್ಲಿನಿಕ್‌ಗಳಿಗೆ ಕೇಂದ್ರ ಸರ್ಕಾರ ಹಣ ಕೊಡುತ್ತದೆ. ಆದಾಯ ಸರ್ಕಾರದ ಬಡತನ ರೇಖೆಯೊಳಗೆ ಇದ್ದವರು ಏನೂ ಕೊಡಬೇಕಿಲ್ಲ. ಆ ರೇಖೆಯ ಎರಡೂವರೆ ಪಟ್ಟಿನವರೆಗೆ ಇದ್ದವರಿಗೆ ಆದಾಯ ನೋಡಿ ರಿಯಾಯಿತಿ.

ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗಬಹುದು. ಆದರೆ ನಿಜವಾದ ವಿಷಯ ಬೇರೆ ಇದೆ. ಇನ್ಶೂರೆನ್ಸ್ ಇಲ್ಲದ, ಗಂಟೆ ಲೆಕ್ಕದ ಕೂಲಿಗೆ ದುಡಿಯುವ ಹೆಂಗಸು ಮೈ ಚೆನ್ನಾಗಿರುವಾಗ ಡಾಕ್ಟರ ಹತ್ತಿರ ಸುಮ್ನೆ ಹೋಗುವುದಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತೆ, ಅಲ್ವಾ? ಆದರೆ ಗರ್ಭನಿರೋಧಕಕ್ಕಾಗಿ ಬಂದೇ ಬರುತ್ತಾಳೆ. ಕಾಯಿಲೆ ಇಲ್ಲದಾಗಲೂ ಅವಳು ತಾನಾಗಿ ಬರುವ ಜಾಗ ಇದೊಂದೇ ಆಗಿರಬಹುದು. ಮುನ್ನೆಚ್ಚರಿಕೆಯ ಆರೈಕೆಯನ್ನು ಇಲ್ಲಿಗೇ ತರಬೇಕು ಅನ್ನುವ ವಾದ ಹುಟ್ಟಿದ್ದು ಇದರಿಂದಲೇ.

ಒಂದು ಉದಾಹರಣೆ ಊಹಿಸಿಕೊಳ್ಳಿ. 29 ವರ್ಷದವಳೊಬ್ಬಳು ಗರ್ಭನಿರೋಧಕ ಗುಳಿಗೆ ಕೇಳುತ್ತಾಳೆ. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಗುಳಿಗೆ ಕೊಡುವ ಮೊದಲು ಬಿಪಿ ನೋಡಲೇಬೇಕು. 150/96 ಬರುತ್ತದೆ. ಐದು ನಿಮಿಷ ಬಿಟ್ಟು ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಅವಳಿಗೆ ತಲೆನೋವಿಲ್ಲ, ಸುಸ್ತಿಲ್ಲ. ಬಿಪಿ 140/90 ದಾಟಿದವರಿಗೆ ಸಾಮಾನ್ಯವಾಗಿ ಆ ಗುಳಿಗೆ ಬೇಡ ಅನ್ನುತ್ತಾರೆ, ಪಾರ್ಶ್ವವಾಯು, ಹೃದಯಾಘಾತದ ಅಪಾಯ ಜಾಸ್ತಿ ಆಗುತ್ತದೆ ಅಂತ. ಬದಲಿಗೆ ಕಾಪರ್ ಟಿ ಹಾಕಬಹುದು, ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಇರುವ ಗುಳಿಗೆ ಕೊಡಬಹುದು. ಗರ್ಭನಿರೋಧಕದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಆದರೆ ಆ 150/96 ಹಾಗೇ ಉಳಿಯಿತಲ್ಲ? ಅದನ್ನು ಯಾರು ನೋಡಿಕೊಳ್ಳುತ್ತಾರೆ? ಈ ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲಿ.

ಅದೇ ಭೇಟಿಯಲ್ಲಿ ಆಗಬಹುದಾದ ಬೇರೆ ಕೆಲಸಗಳೂ ಇವೆ. 21 ರಿಂದ 29 ವರ್ಷದವರಿಗೆ ಮೂರು ವರ್ಷಕ್ಕೊಮ್ಮೆ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪರೀಕ್ಷೆ. ಲೈಂಗಿಕ ಸಂಪರ್ಕ ಇರುವ, 25 ತುಂಬದ ಹೆಣ್ಣುಮಕ್ಕಳಿಗೆ ಪ್ರತಿ ವರ್ಷ ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕಿನ ಪರೀಕ್ಷೆ, ಯಾಕೆಂದರೆ ಆ ಸೋಂಕು ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮಗು ಬೇಕು ಅನ್ನುವವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅದೂ ಗರ್ಭ ನಿಲ್ಲುವ ಮೊದಲೇ, ಮಗುವಿನ ಬೆನ್ನುಹುರಿಗೆ ತೊಂದರೆ ಬಾರದಿರಲಿ ಅಂತ. ಮಗುವಿನ ಬೆನ್ನುಹುರಿ ರೂಪುಗೊಳ್ಳುವ ನಾಳ ಗರ್ಭ ನಿಂತು ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಅಡಿಗೆರೆ ಎಳೆದು ಇಟ್ಟುಕೊಳ್ಳಿ. ಪ್ಯಾಪ್ ಪರೀಕ್ಷೆ ಬೇಡ ಅಂದವಳಿಗೂ ಗುಳಿಗೆ ಸಿಗಬೇಕು. ಒಂದು ಸೇವೆ ಒಪ್ಪಿದರೆ ಮಾತ್ರ ಇನ್ನೊಂದು ಅನ್ನುವ ಷರತ್ತು ಹಾಕುವಂತಿಲ್ಲ. ಟೈಟಲ್ ಟೆನ್ ನಿಯಮವೇ ಹಾಗಿದೆ. ನನಗಂತೂ ಇದು ತುಂಬಾ ಸರಿ ಅನಿಸುತ್ತದೆ. ಬಲವಂತ ಮಾಡಿದರೆ ಅವಳು ಮುಂದಿನ ಸಲ ಬರುವುದೇ ಇಲ್ಲ. ಆಗ ಬಿಪಿಯೂ ಇಲ್ಲ, ಗುಳಿಗೆಯೂ ಇಲ್ಲ.

ಈಗ ಆ 150/96ಕ್ಕೆ ವಾಪಸ್ ಬರೋಣ. ಕುಟುಂಬ ಯೋಜನೆಯ ಹಣ ಇರುವುದು ವರ್ಷಗಟ್ಟಲೆ ಬಿಪಿ ಚಿಕಿತ್ಸೆ ಕೊಡಲು ಅಲ್ಲ. ಕಡಿಮೆ ಆದಾಯದ ಹೆಂಗಸರ ಹೃದಯದ ಆರೋಗ್ಯಕ್ಕೆ ‘ವೈಸ್‌ವುಮನ್’ ಎಂಬ ಸರ್ಕಾರಿ ಕಾರ್ಯಕ್ರಮವೇನೋ ಇದೆ, ಆದರೆ ಅದು 35 ರಿಂದ 64 ವರ್ಷದವರಿಗೆ. ನಮ್ಮ 29ರವಳು ಅದರಲ್ಲಿ ಬರುವುದಿಲ್ಲ. ಉಳಿದದ್ದು ಆದಾಯ ನೋಡಿ ಶುಲ್ಕ ಹಾಕುವ ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿಗೆ ಹೋಗಿ ಅಂತ ಚೀಟಿ ಬರೆದು ಕೈಗಿಟ್ಟರೆ ಸಾಲದು. ಆ ಚೀಟಿ ಪರ್ಸಿನಲ್ಲೇ ಉಳಿಯುತ್ತದೆ. ಅವಳು ಎದುರಿಗೆ ಕೂತಿರುವಾಗಲೇ ಕ್ಲಿನಿಕ್‌ನಿಂದ ಫೋನ್ ಮಾಡಿ, ಅವಳ ಕೆಲಸದ ಪಾಳಿ ಕೇಳಿಕೊಂಡು ದಿನ ಗೊತ್ತು ಮಾಡಬೇಕು. ಎರಡು ವಾರ ಬಿಟ್ಟು ಹೋದಳಾ ಅಂತ ವಿಚಾರಿಸಬೇಕು. ಹೋಗಿರದಿದ್ದರೆ ಇನ್ನೊಂದು ದಿನ ಗೊತ್ತು ಮಾಡಬೇಕು.